ಬೆತ್ತದ ಬಳೆ ಎತ್ತಿ ಹಿಡಿದೆ!

ಆ ಭಾನುವಾರ ನಮ್ಮೂರ ರೈಲು ಮ್ಯೂಸಿಯಮ್ಮಿಗೆ ಹೊರಟಾಗಲೇ ಶಪಥ ಮಾಡಿದ್ದೆ: ಇವತ್ತು ನನ್ನ ನಾದಿನಿ ಆರ್ವಿಲ್ಲಾಳ ಬಾಯಿ ಮುಚ್ಚಿಸದೆ ಮನೆಗೆ ಮರಳುವುದಿಲ್ಲ! ನಮ್ಮ ಅಯೋವಾ ರಾಜ್ಯದ ಹಳೆಯ ಸ್ಟೇಷನ್ನುಗಳನ್ನೆಲ್ಲ ಇಬ್ಬರೂ ಸುತ್ತಿದ್ದೇವೆ. ಹೋದಲ್ಲೆಲ್ಲ ಒಂದೇ ಜಗಳ.

ಈಗ ಮ್ಯೂಸಿಯಮ್ ಮಾಡಿ, ಹಗ್ಗ ಕಟ್ಟಿ 'ಮುಟ್ಟಬೇಡಿ' ಎಂದು ಬರೆದಿದ್ದಾರಲ್ಲ, ಆ ಸ್ಟೇಷನ್ನಿನ ಮಹಡಿಯಲ್ಲೇ ನಾನು ಸಂಸಾರ ಮಾಡಿದ್ದು. ಗಂಡ ವಿಲ್ಬರ್ ಅಲ್ಲಿಯ ಸ್ಟೇಷನ್ ಮಾಸ್ಟರ್. ನಿಲ್ಲದೆ ಓಡುವ ರೈಲಿಗೆ ಅಪ್ಪಣೆಯ ಚೀಟಿ ಕೊಡಬೇಕು. ಉದ್ದ ಹಿಡಿಯ ಬೆತ್ತದ ಬಳೆಗೆ ಚೀಟಿ ಸಿಕ್ಕಿಸಿ ಹಳಿಯ ಪಕ್ಕ ಎತ್ತಿ ಹಿಡಿದರೆ, ಇಂಜಿನ್ನಿನವನು ಅದರೊಳಗೆ ತೋಳು ತೂರಿಸಿ ಕಸಿದುಕೊಳ್ಳುತ್ತಾನೆ. ಚೀಟಿ ಬಿಚ್ಚಿಕೊಂಡು ಬಳೆಯನ್ನು ಮುಂದೆಲ್ಲೋ ಎಸೆಯುತ್ತಾನೆ. ವಿಲ್ಬರ್ ಜ್ವರದಲ್ಲಿ ಮಲಗಿದಾಗ ಈ ಸಾಹಸ ಮಾಡಿದವಳು ನಾನು!

"ಬರೀ ಬುರುಡೆ!" ಎಂದಳು ಆರ್ವಿಲ್ಲಾ. "ಚೀಟಿ ಕೊಟ್ಟಿದ್ದು ನಮ್ಮಣ್ಣ. ನೀನು ಇಂಜಿನ್ನಿನವನು ಎಸೆದ ಬಳೆ ಹುಡುಕ್ಕೊಂಡು ಬರ್ತಿದ್ದೆ, ಅಷ್ಟೇ!"

"ಇವತ್ತು ನೋಡು, ಕಣ್ಣು ಬಿಟ್ಕೊಂಡು ನೋಡು!"

ಪ್ಲಾಟ್‌ಫಾರ್ಮಿನಲ್ಲಿ ಓರ್ವಿಲ್ ಪಿಟ್ಸ್ ಗೆರೆಗೆರೆ ಟೋಪಿ ಹಾಕಿ, ಜನರಿಗೆ ತೋರಿಸಲೆಂದು ಓಡಿಸುವ ಹಳೆಯ ರೈಲಿಗೆ ಚೀಟಿ ಕೊಡಲು ಬಳೆ ಹಿಡಿದು ನಿಂತಿದ್ದ. ಜೀವಮಾನವಿಡೀ ನಮ್ಮೂರ ಹಲ್ಲು ಕಿತ್ತು, ಈಗ ಮ್ಯೂಸಿಯಮ್ಮಿನ ಯಜಮಾನಿಕೆ! ಅವನ ಕೈಯಿಂದ ಬಳೆ ಕಿತ್ತುಕೊಂಡೆ.

"ಮಿಸೆಸ್ ಗ್ರೇಬಿಲ್, ದಯವಿಟ್ಟು ಬೆಂಚ್ ಮೇಲೆ ಕೂತ್ಕೊಳ್ಳಿ..."

"ನಾನು ಈ ಪ್ಲಾಟ್‌ಫಾರ್ಮ್ ಗುಡಿಸ್ತಿದ್ದಾಗ ನೀನು ತೊಟ್ಟಿಲಲ್ಲಿ ಬೆರಳು ಚೀಪ್ತಿದ್ದೆ ಕಣಯ್ಯಾ! ಸರಿ ಆಚೆ!"

ಇಂಜಿನ್ ಕೂಗಿತು. ಗಾಳಿಗೆ ಹಾರಿ ಹೋದೀತೆಂದು ಹಲ್ಲಿನ ಸೆಟ್ಟು ತೆಗೆದು ಕೈಚೀಲಕ್ಕೆ ಹಾಕಿದೆ. ಆರ್ವಿಲ್ಲಾಳ ಕಾರಿನ ಕೀಯೂ ಅದರಲ್ಲೇ ಇತ್ತು. ಚೀಲವನ್ನು ಬೆಂಚಿನ ಮೇಲಿಟ್ಟರೆ ಅವಳು ಒಳಗೆಲ್ಲ ತಡಕಾಡುತ್ತಾಳೆ! ಅದಕ್ಕೇ ಅದರ ಪಟ್ಟಿಯನ್ನು ಬಳೆಯ ಹಿಡಿಗೇ ಬಿಗಿಯಾಗಿ ಸುತ್ತಿಕೊಂಡೆ. ಮಹಾರಾಣಿ ಕತ್ತಿ ಎತ್ತಿದಂತೆ ಎತ್ತಿ ನಿಂತೆ.

ಇಂಜಿನ್ನಿನ ಹುಡುಗ ತೋಳು ತೂರಿಸಿದ. ಸರ್ರನೆ ಹೋಯಿತು ಬಳೆ! ಜನ ಚಪ್ಪಾಳೆ ತಟ್ಟಿದರು. ಗೆದ್ದೆ!

"ಚೀಲ ಎಲ್ಲೇ?" ಎಂದಳು ಆರ್ವಿಲ್ಲಾ.

ಚೀಲವೂ ರೈಲು ಹತ್ತಿತ್ತು! ಆ ಹುಡುಗನೋ ಹಳೆಯ ಪದ್ಧತಿ ಚಾಚೂ ತಪ್ಪದವನು. ಚೀಟಿ ಬಿಚ್ಚಿಕೊಂಡು, ಬಳೆಯನ್ನು ಚೀಲದ ಸಮೇತ ಆಳೆತ್ತರದ ಮೆಕ್ಕೆಜೋಳದ ಹೊಲಕ್ಕೆ ಬೀಸಿ ಒಗೆದ.

ಊರಿನವರೆಲ್ಲ ಹೊಲಕ್ಕೆ ನುಗ್ಗಿದರು. ಓರ್ವಿಲ್ ಎಡಕ್ಕೆ, ಆರ್ವಿಲ್ಲಾ ಬಲಕ್ಕೆ, ಎಲ್ಲರೂ ದಾರಿ ತಪ್ಪಿ ಕೂಗಾಡಿದರು. ನಾನು ಹಳಿಯ ತಿರುವು ನೋಡಿದೆ, ಗಾಳಿ ನೋಡಿದೆ, ಸೀದಾ ಹೊಲದೊಳಗೆ ನಡೆದು ಬಳೆ ಎತ್ತಿಕೊಂಡು ಬಂದೆ. ಚೀಲದ ಬಾಯಿ ತೆರೆದುಕೊಂಡಿದ್ದರೂ ಕೀ ಒಳಗೇ ಇತ್ತು!

ಆರ್ವಿಲ್ಲಾ ಸೊಂಟದ ಮೇಲೆ ಕೈ ಇಟ್ಟಳು. "ನೋಡಿದ್ಯಾ ಓರ್ವಿಲ್? ಹುಡುಕೋದ್ರಲ್ಲಿ ಎಂಥಾ ಪಳಗಿದ ಕೈ! ನಾನು ಇಷ್ಟು ವರ್ಷ ಹೇಳಿದ್ದೇನು ಮತ್ತೆ?"

ಅವಳಿಗೆ ತಕ್ಕ ಉತ್ತರ ನಾಲಗೆಯ ತುದಿಯಲ್ಲೇ ಇತ್ತು! ಬಳೆಯನ್ನು ಅವಳ ಮೂಗಿನ ಮುಂದೆ ಎತ್ತಿ ಹಿಡಿದು ಬಾಯಿ ತೆರೆದೆ. ಬಂದದ್ದು ಬರೀ ಪುಸ್ ಪುಸ್.

ಹಲ್ಲಿನ ಸೆಟ್ಟು ಇನ್ನೂ ಹೊಲದಲ್ಲೇ ಇತ್ತು!