ಸುಮ್ಮನೆ ನಿಲ್ಲುವ ಮೋಟಾರು

ಹೆಜ್ಜೆ ಎಣಿಸಿ ತಿರುಗುವ ಸ್ಟೆಪ್ಪರ್ ಮೋಟಾರಿನ ಹೆಸರು ಬಸಕ್ಕನ ಕಿವಿಗೆ ಬಿದ್ದ ದಿನವೇ ಅದರ ಸಲುವಾಗಿ ಇಬ್ಬರು ಜಗಳಕ್ಕೆ ನಿಂತಿದ್ದರು. ಜಾಗ, ಶಿರಾಳಕೊಪ್ಪದಲ್ಲಿ ಈಶ್ವರನ ಎಲೆಕ್ಟ್ರಾನಿಕ್ಸ್ ಅಂಗಡಿ.

ಚೌಡೇಶ್: ಮೋಟಾರಿನ ಮೇಲೆ ಮೂರು ವೋಲ್ಟ್ ಅಂತ ಬರ್ದೈತೆ. ನೀವು ಇಪ್ಪತ್ನಾಕರ ಸಪ್ಲೈ ಕೊಡ್ತೀರಲ್ರೀ, ಸುಡೋಕಾ?

ಈಶ್ವರ್: ಮಧ್ಯೆ ಡ್ರೈವರ್ ಬೋರ್ಡ್ ಇರ್ತೈತಲ್ಲ ಮಾರಾಯ. ಮೋಟಾರಿಗೆ ಎಷ್ಟು ಬೇಕೋ ಅಷ್ಟೇ ಕರೆಂಟ್ ಬಿಡ್ತೈತೆ. ಸಪ್ಲೈ ಸಣ್ಣದಾದ್ರೆ ಜೋರಾಗಿ ತಿರುಗೋವಾಗ ಸೋತುಬಿಡ್ತೈತೆ.

ಚಕ್ಕುಲಿ ಮಾಡಿ ಅಂಗಡಿಗಳಿಗೆ ಹಾಕುವ ಬಸಕ್ಕನ ಮಣಿಕಟ್ಟು ಈಚೆಗೆ ಒರಳು ಒತ್ತಲು ಒಲ್ಲೆ ಎನ್ನುತ್ತಿತ್ತು. ಮೈದುನನ ಮಗ ಚೌಡೇಶ್ ಯಂತ್ರ ಮಾಡಿಕೊಡುತ್ತೇನೆ ಎಂದಿದ್ದ. ಕೈ ಸೋತವಳಿಗೆ ಮನೆಯವರು ಮುಂದೆ ಹೇಳುವುದು ಒಂದೇ ಮಾತು, ಸುಮ್ಮನೆ ಕೂತಿರು ಅಂತ. ಅದನ್ನು ಕೇಳಬಾರದೆಂದೇ ಅವಳು ಯಂತ್ರಕ್ಕೆ ಒಪ್ಪಿದ್ದು.

ಬಸಕ್ಕ: ಹಂಗಾರೆ ಆ ಡ್ರೈವರ್ ನಮ್ಮತ್ತೆ ಇದ್ದಂಗೆ. ತುಪ್ಪದ ಗಡಿಗೆ ಎಷ್ಟೇ ದೊಡ್ಡದಿರ್ಲಿ, ನಮಗೆ ಬೀಳ್ತಿದ್ದದ್ದು ಚಮಚದಾಗೇ.

ಈಶ್ವರ್: ನೋಡು, ನಿಮ್ಮ ದೊಡ್ಡವ್ವಗೆ ತಿಳೀತು.

ಚೌಡೇಶ್: ತಿಳಿದಿದ್ದು ತುಪ್ಪ.

ಕೊನೆಗೆ ಇಪ್ಪತ್ನಾಲ್ಕರದೇ ತಂದು, ಚೌಡೇಶ್ ಮನೆಯಲ್ಲಿ ಯಂತ್ರ ಜೋಡಿಸಿದ. ಒರಳು ತಾನೇ ಹಿಟ್ಟು ಒತ್ತುತ್ತಿದ್ದಂತೆ ಕೆಳಗೆ ತಟ್ಟೆ ತಿರುಗುತ್ತ ಸರಿದು, ಮೊದಲ ಚಕ್ಕುಲಿ ಎಷ್ಟು ದುಂಡಗೆ ಬಂತೆಂದರೆ ಬಸಕ್ಕನಿಗೆ ತುಸು ಹೊಟ್ಟೆಯುರಿಯಿತು. ಎರಡನೆಯದು ಅಂಚು ದಾಟಿ ಅರ್ಧ ನೆಲಕ್ಕೆ ಬಿತ್ತು. ಮೂರನೆಯದು ಮೊದಲನೆಯದರ ಮೇಲೇ ಹತ್ತಿ ಕೂತಿತು. ಚೌಡೇಶ್ ಫೋನಿನಲ್ಲೇ ಈಶ್ವರನ ಜನ್ಮ ಜಾಲಾಡಿದ. ಈಶ್ವರ ಡ್ರೈವರ್ ಬದಲಿಸಿಕೊಟ್ಟ, ಸಪ್ಲೈ ಬದಲಿಸಿಕೊಟ್ಟ, ಆಗಲೂ ನೆಟ್ಟಗಾಗದಿದ್ದಾಗ ತಾನೇ ಬೈಕ್ ಹತ್ತಿ ಬಂದು ಯಂತ್ರದೆದುರು ಕುಕ್ಕರಗಾಲಲ್ಲಿ ಕೂತ.

ಒಂದು ಚಕ್ಕುಲಿ ಮುಗಿದು ಮೋಟಾರು ನಿಂತಿತು. ಬಸಕ್ಕನ ಕೈ ಎಂದಿನಂತೆ ತನ್ನಷ್ಟಕ್ಕೆ ಗೋಡೆಯ ಕಡೆ ಹೋಗಿ ಸ್ವಿಚ್ಚು ಆರಿಸಿತು. ಸೆರಗಿನಿಂದ ತಟ್ಟೆಯ ಅಂಚು ಒರೆಸಿ, ಅದನ್ನೊಂದಿಷ್ಟು ಪಕ್ಕಕ್ಕೆ ಸರಿಸಿ, ಮತ್ತೆ ಸ್ವಿಚ್ಚು ಹಾಕಿದಳು.

ಈಶ್ವರ್: ಯಾಕ್ ಬಸಕ್ಕ, ಆರಿಸಿದ್ರಿ?

ಬಸಕ್ಕ: ನಿಂತಿತ್ತಲ್ಲಪ್ಪ. ಮುಟ್ಟಿದ್ರೆ ಬಿಸಿ ಬೇರೆ. ಕೆಲಸ ಇಲ್ದಾಗ ಕರೆಂಟ್ ಯಾಕೆ ತಿನ್ಬೇಕು?

ಚೌಡೇಶ್: ನಿಂತಾಗ್ಲೂ ಅದು ತಟ್ಟೆ ಬಿಗಿಹಿಡಿದಿರ್ಬೇಕು ದೊಡ್ಡವ್ವ. ಆರಿಸಿದ್ರೆ ತಾನೆಲ್ಲಿದ್ದೆ ಅನ್ನೋದನ್ನೇ ಮರೆತುಬಿಡ್ತೈತೆ.

ಬಸಕ್ಕ: ಸುಮ್ನೆ ನಿಲ್ಲೋದೂ ಒಂದು ಕೆಲಸಾನಾ?

ಈಶ್ವರ್: ಅದೇ ಅದರ ದೊಡ್ಡ ಕೆಲಸ.

ಬಸಕ್ಕ: ನಿಮ್ಮ ದೊಡ್ಡಪ್ಪ ಇದ್ದಿದ್ರೆ ಈ ಮಾತಿಗೆ ಭಾಳ ಖುಷಿ ಪಡ್ತಿದ್ರು, ಚೌಡೇಶ.

ಇಬ್ಬರೂ ಸೇರಿ ಸ್ವಿಚ್ಚಿನ ಮೇಲೆ ಟೇಪು ಅಂಟಿಸಿದರು. ಚಕ್ಕುಲಿಗಳು ಒಂದರ ಪಕ್ಕ ಒಂದು ಅಚ್ಚುಕಟ್ಟಾಗಿ ಬೀಳತೊಡಗಿದವು. ಬಸಕ್ಕ ಸೆರಗು ಸಿಕ್ಕಿಸಿ ನಿಂತೇ ಇದ್ದಳು.

ಬಸಕ್ಕ: ಈಗ ನಾನೇನು ಮಾಡ್ಲಿ?

ಚೌಡೇಶ್ ತಟ್ಟೆಯಿಂದ ಕಣ್ಣು ತೆಗೆಯದೆ ಎರಡೂ ಕೈ ಮುಗಿದ.

ಚೌಡೇಶ್: ಏನೂ ಮಾಡಬ್ಯಾಡ ದೊಡ್ಡವ್ವ. ಸುಮ್ನೆ ಕೂತಿರು.