ಅಪ್ಪನ ಪ್ರವಚನಕ್ಕೆ ಮರದ ಸ್ಪೀಕರ್

ಕಂಪ್ಯೂಟರಿನ ಪುಟ್ಟ ಸ್ಪೀಕರುಗಳಲ್ಲಿ ಅಪ್ಪನ ಪ್ರವಚನ ಕೇಳಿದರೆ, ಯಾರೋ ಅವರನ್ನು ಬೆಂಕಿಪೊಟ್ಟಣದೊಳಗೆ ಕೂರಿಸಿ ಮಾತಾಡಿಸುತ್ತಿದ್ದಾರೆ ಅನ್ನಿಸುತ್ತಿತ್ತು. ಮುಳಬಾಗಿಲಿನ ಸುಮಧ್ವ ಅದಕ್ಕೆ ಹೊಂದಿಕೊಂಡಿದ್ದ. ಆದರೆ ಮಗ ಹಳೆಯ ಕ್ಯಾಸೆಟ್ಟುಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸಿದ್ದಾನೆಂಬ ಹೆಮ್ಮೆಯಲ್ಲಿ ಅವನ ತಾಯಿ ತಿರುಮಲಮ್ಮ, ಬೀದಿಯ ಹೆಂಗಸರನ್ನು ಅಂದೇ ಸಂಜೆ ನಾಲ್ಕಕ್ಕೆ ಕರೆದುಬಿಟ್ಟಿದ್ದರು.

"ಅವರು ಹೋಗಿ ಒಂಬತ್ತು ವರ್ಷ ಆಯ್ತು. ದನಿ ಹೆಂಗಿತ್ತು ಅಂತ ನಾಲ್ಕು ಜನ ಕೇಳ್ಲಿ ಕಣೋ. ಏನಾದ್ರೂ ಮಾಡು," ಅಂದರು.

ಸುಮಧ್ವ ಎರಡು ಸಾವಿರ ಹಿಡಿದು ಪೇಟೆಯ ರೇಡಿಯೊ ರಿಪೇರಿ ಅಂಗಡಿಗೆ ಹೋದ. ಅಂಗಡಿಯ ರಹಮತ್ತುಲ್ಲಾ ಸಾಹೇಬರು ಅಪ್ಪನ ಸ್ನೇಹಿತರು, ಪ್ರವಚನಕ್ಕೆ ಖಾಲಿ ಕ್ಯಾಸೆಟ್ ಕೊಡುತ್ತಿದ್ದವರೂ ಅವರೇ.

"ಇಷ್ಟಕ್ಕೆ ಹೊಸದು ತಗೊಂಡ್ರೆ ಪ್ಲಾಸ್ಟಿಕ್ ಬರ್ತದೆ, ಸೌಂಡ್ ಬರಲ್ಲ," ಅಂದರು ಸಾಹೇಬರು. "ಹಳೇ ಆಂಪ್ಲಿಫೈಯರ್ ಐತೆ, ಮರದ ಸ್ಪೀಕರ್ ಎರಡೈತೆ. ತಗೊಂಡ್ಹೋಗಿ."

ಸ್ಕೂಟರಿನ ಹಿಂದೊಂದು ಮುಂದೊಂದು ಪೆಟ್ಟಿಗೆ ಕಟ್ಟಿಕೊಂಡು ಮನೆ ಸೇರುವಷ್ಟರಲ್ಲಿ ಮೂರು ಜನ ಅವನನ್ನು ತಡೆದು, ಯಾರ ಮನೆಯಲ್ಲಿ ಮದುವೆ ಎಂದು ಕೇಳಿದರು.

ಜೋಡಿಸಿದರೆ ಪೆಟ್ಟಿಗೆಯೊಳಗೆ ಜೇನುಹುಳು ಎದ್ದ ಹಾಗೆ ಗುಂಯ್ ಎಂಬ ಸದ್ದು. ಅದನ್ನು ಕೇಳಿ ಪಕ್ಕದ ಮನೆಯ ಕಾಂತರಾಜ್ ಕರೆಯದೆಯೇ ಬಂದ.

"ಅರ್ತ್ ಸರಿಯಿಲ್ಲ, ಅಷ್ಟೇ. ಸರಿ ಬಿಡು, ನಾನ್ ನೋಡ್ತೀನಿ," ಎಂದು ಒಂದು ವೈರು ಕಿತ್ತು ಇನ್ನೊಂದು ಕಡೆ ಚುಚ್ಚಿದ. ಫ್ಯೂಸ್ ಹೋಯಿತು. ಅಡುಗೆಮನೆಯಿಂದ ಸುಮಧ್ವನ ಹೆಂಡತಿ ಹರಿಪ್ರಿಯಾ ಬಾಗಿಲಿಗೆ ಬಂದು ನಿಂತಳು.

"ಮಿಕ್ಸಿಯಲ್ಲಿ ಚಟ್ನಿ ಅರ್ಧಕ್ಕೇ ನಿಂತಿದೆ. ನಿಮ್ಮಿಬ್ಬರಲ್ಲಿ ಯಾರು ಅರೆದುಕೊಡ್ತೀರಿ?"

ಫ್ಯೂಸ್ ಹಾಕಿದ್ದಾಯಿತು. ಕಾಂತರಾಜ್ ಸುಮ್ಮನಿರಲಿಲ್ಲ, ಬೇಸ್ ಇಲ್ಲದ ಸೌಂಡು ಸೌಂಡೇ ಅಲ್ಲವೆಂದು ತನ್ನ ಸಬ್‌ವೂಫರ್ ತಂದು ಸೇರಿಸಿದ. ಅಪ್ಪ ಒಮ್ಮೆ "ಓಂ" ಅಂದದ್ದಷ್ಟೇ. ಸ್ಟ್ಯಾಂಡಿನ ಸೌಟುಗಳೆಲ್ಲ ನೆಲಕ್ಕೆ ಉದುರಿದವು. ತಿರುಮಲಮ್ಮ ಭೂಮಿ ನಡುಗಿತೆಂದು ಅಂಗಳಕ್ಕೆ ಓಡಿದರು. ಸುಮಧ್ವ ಅದರ ವೈರು ಕಿತ್ತದ್ದಕ್ಕೆ ಮುನಿಸಿಕೊಂಡ ಕಾಂತರಾಜ್ ಸಬ್‌ವೂಫರನ್ನು ಎತ್ತಿಕೊಂಡು ಮನೆಗೆ ಹೋದ.

ಸುಮಧ್ವ ಫೋನ್ ಮಾಡಿದ್ದಕ್ಕೆ ಮೂರೂವರೆಗೆ ಸಾಹೇಬರೇ ಬಂದು ಸವೆದ ವೈರೊಂದನ್ನು ಬದಲಿಸಿದರು. ಗುಂಯ್ ಸದ್ದು ನಿಂತಿತು.

ನಾಲ್ಕಕ್ಕೆ ಹೆಂಗಸರು ಬಂದರು. ಎದುರುಮನೆಯ ಶಾಮಲಮ್ಮ ಸ್ಪೀಕರಿನ ಮುಂದೆಯೇ ಕೂತರು. ಸುಮಧ್ವ ಮೌಸ್ ಒತ್ತಿದ.

ಅಪ್ಪ ಬಂದರು. ಹಾಗೇ ಅನ್ನಬೇಕು. ಪುಟ ತಿರುಗಿಸಿದ ಸದ್ದು, ನೀರು ಗುಟುಕರಿಸಿದ ಸದ್ದು, ಆಮೇಲೆ ಆ ತುಂಬುದನಿ. ತಿರುಮಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಮನುಷ್ಯ ಮೊದಲು ಗೆಲ್ಲಬೇಕಾದದ್ದು ನಾಲಿಗೆಯನ್ನು," ಎಂದು ಹೇಳಿ ಅಪ್ಪ ಒಂದು ಕ್ಷಣ ತಡೆದರು. ಆ ಬಿಡುವಿನಲ್ಲಿ, ಅಂದು ಟೇಪ್ ರೆಕಾರ್ಡರಿನ ಪಕ್ಕದಲ್ಲೇ ಕೂತಿದ್ದ ತಿರುಮಲಮ್ಮನವರ ಪಿಸುಮಾತು ಸ್ಪಷ್ಟವಾಗಿ ಕೇಳಿಸಿತು.

"ಶಾಮಲಮ್ಮ ತಂದಿರೋ ಪುಳಿಯೋಗರೆ ಮುಟ್ಬೇಡ್ರೇ. ನಮ್ಮ ಹಸೂನೇ ಮೂಸಿ ಬಿಟ್ಬಿಡ್ತು."

ಸುಮಧ್ವ ಗಾಬರಿಯಲ್ಲಿ ಏನನ್ನೋ ಒತ್ತಿದ. ಪ್ರವಚನ ಹತ್ತು ಸೆಕೆಂಡು ಹಿಂದಕ್ಕೆ ಹೋಗಿ, ಪುಳಿಯೋಗರೆ ಇನ್ನೂ ಜೋರಾಗಿ ಎರಡನೇ ಸಲ ಬಂತು. ಕೊನೆಗೆ ಪ್ಲಗ್ಗನ್ನೇ ಕಿತ್ತ.

"ಅದು ನನ್ನ ದನಿಯಲ್ಲ," ಅಂದರು ತಿರುಮಲಮ್ಮ.

ಶಾಮಲಮ್ಮನ ಮುಖದಲ್ಲಿ ಕೋಪವೇ ಇರಲಿಲ್ಲ. "ಎಷ್ಟು ಚೆನ್ನಾಗಿ ಕೇಳ್ಸುತ್ತಪ್ಪ ಸುಮಧ್ವ. ಇಂಥವು ಇನ್ನೂ ಎಷ್ಟಿವೆ?"

"ಹದಿನಾರು ಕ್ಯಾಸೆಟ್ ಅಮ್ಮ," ಅಂದುಬಿಟ್ಟರು ಸಾಹೇಬರು, ಪಾಪ, ಏನೂ ತಿಳಿಯದೆ.

"ಹಂಗಾದ್ರೆ ನಾಳೆಯಿಂದ ದಿನಾ ನಾಲ್ಕಕ್ಕೆ ಬರ್ತೀವಿ. ನಾವೆಲ್ಲ ಆವಾಗ ಅಲ್ಲೇ ಕೂತಿದ್ವಲ್ಲ," ಎಂದು ಶಾಮಲಮ್ಮ ಎದ್ದರು. ಉಳಿದ ಹೆಂಗಸರೂ ತಲೆಯಾಡಿಸಿದರು.

ಮರುದಿನ ಸುಮಧ್ವ ಕೆಲಸಕ್ಕೆ ರಜೆ ಹಾಕಿ ಕಂಪ್ಯೂಟರಿನ ಮುಂದೆ ಕೂತ. ಪಕ್ಕದಲ್ಲಿ ತಿರುಮಲಮ್ಮ, ಸ್ಪೀಕರಿಗೆ ಕಿವಿಯಿಟ್ಟು.

"ಅದನ್ನ ತೆಗಿ... ಅಯ್ಯೋ, ಅದನ್ನೂ ತೆಗಿ."

ಮಧ್ಯಾಹ್ನದ ಹೊತ್ತಿಗೆ ಒಂದು ಗಂಟೆಯ ಪ್ರವಚನದಲ್ಲಿ ನಾಲ್ಕು ನಿಮಿಷ ಉಳಿದಿತ್ತು. ಅದರಲ್ಲಿ ಅಪ್ಪ ಕೆಮ್ಮುತ್ತಿದ್ದರು.