ಬೆಣಚುನಾಡಿಗೊಂದು ಯುದ್ಧಕಾರಣ

ಹಲ್ಲಿನ ಡಾಕ್ಟರ ಫೋನು ಬಂದಾಗ ದಳವಾಯಿ ಊಟದ ಮೇಜಿನ ಮೇಲೆ ಒಂದು ಬೆಟ್ಟವನ್ನು ಅತ್ತಿತ್ತ ಸರಿಸುತ್ತಿದ್ದ.

"ನಿಮ್ಮ ಇತಿಹಾಸ ಓದಿದೆ," ಎಂದರು ಡಾಕ್ಟರು. "ಅಕ್ಷರ ದುಂಡಗಿದೆ. ಆದ್ರೆ ನಿಮ್ಮ ದೇಶ ನನ್ನ ದೇಶದ ಮೇಲೆ ಯಾಕೆ ದಂಡೆತ್ತಿ ಬರುತ್ತೆ ಅಂತ್ಲೇ ಗೊತ್ತಾಗ್ಲಿಲ್ಲ. ಪಟ್ಟಾಭಿಷೇಕಕ್ಕೆ ಕರೀಲಿಲ್ಲ ಅಂತ ಯಾರಾದ್ರೂ ಯುದ್ಧಕ್ಕೆ ಬರ್ತಾರೇನ್ರೀ?"

"ನಮ್ಮ ರಾಜನಿಗೆ ಸ್ವಲ್ಪ ಮುಂಗೋಪ, ಡಾಕ್ಟ್ರೇ."

"ಮುಂಗೋಪಕ್ಕೆ ಮಾತ್ರೆ ಕೊಡ್ಬಹುದು. ಕಾರಣ ಇಲ್ದೆ ನಾನು ಹಲ್ಲೇ ಕೀಳಲ್ಲ, ಇನ್ನು ಯುದ್ಧ ಮಾಡ್ತೀನಾ? ಸಂಜೆಯೊಳಗೆ ಸರಿಯಾದ್ದೊಂದು ಕಾರಣ ಬರೆದಿಡಿ. ಇಲ್ದಿದ್ರೆ ಟೀ ಕುಡ್ಕೊಂಡು ಹೋಗ್ತೀನಿ ಅಷ್ಟೆ."

ಕರೆಯುವುದು ದಳವಾಯಿ ಎಂದಾದರೂ ಅವನು ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುವವನು. ಕೆಲಸ ಮುಗಿಸಿ ಬಂದು, ಭೂತಗನ್ನಡಿ ಹಿಡಿದು, ಬೆರಳ ಗೆಣ್ಣಿನಷ್ಟೆತ್ತರದ ಸೀಸದ ಸೈನಿಕರ ಅಂಗಿಗೆ ಬಣ್ಣದ ಗುಂಡಿ ಬರೆಯುವ ಹುಚ್ಚಿನಿಂದ ಬಂದ ಹೆಸರು ಅದು. ಯಾವ ಭೂಪಟದಲ್ಲೂ ಇಲ್ಲದ ಬೆಣಚುನಾಡು ಅವನ ದೇಶ; ಅದರಂತೆಯೇ ಎಲ್ಲೂ ಇಲ್ಲದ ಮೇಲ್ಬಯಲು ಡಾಕ್ಟರದು. ಇಬ್ಬರ ನಡುವಿನ ಕಟ್ಟುಪಾಡು ಒಂದೇ: ದಂಡೆತ್ತಿ ಹೋಗುವವನು ಮೊದಲು ತನ್ನ ದೇಶದ ಇತಿಹಾಸ ಬರೆದು ಜಗಳದ ಕಾರಣ ತೋರಿಸಬೇಕು, ಎದುರಾಳಿ ಒಪ್ಪಬೇಕು. ಆಮೇಲೆ ದಾಳ ಉರುಳಿಸಿ ಯುದ್ಧ.

ಎರಡು ವರ್ಷದ ಸಂಜೆಗಳನ್ನೆಲ್ಲ ತಿಂದು ಅವನ ಸೈನ್ಯ ಈಗಷ್ಟೇ ಸಿದ್ಧವಾಗಿತ್ತು. ಮನೆಯಲ್ಲಿದ್ದದ್ದು ಒಂದೇ ಮೇಜು. ಹೊಲಿಗೆ ಕೆಲಸ ಹಿಡಿದಿದ್ದ ಹೆಂಡತಿಗೆ ಬಟ್ಟೆ ಕತ್ತರಿಸಲು ಅದು ಬೇಕು. "ಇವತ್ತೊಂದು ದಿನ ನಿಮ್ಮ ರಾಜ್ಯ. ನಾಳೆಯಿಂದ ನಂದು," ಎಂದು ಹೇಳಿಬಿಟ್ಟಿದ್ದಳು. ಅದರಲ್ಲಿ ತಪ್ಪೂ ಇರಲಿಲ್ಲ. ಬೆಟ್ಟಗಳ ನಡುವೆ ತಟ್ಟೆ ಇಡಲು ಜಾಗವಿಲ್ಲದೆ ಮಕ್ಕಳು ಒಂದು ವಾರದಿಂದ ನೆಲದ ಮೇಲೆ ಉಣ್ಣುತ್ತಿದ್ದವು. ಇವತ್ತು ಯುದ್ಧವಾಗದಿದ್ದರೆ ಸೈನಿಕರೆಲ್ಲ ಒಂದು ಗುಂಡೂ ಹಾರಿಸದೆ ಅಟ್ಟ ಸೇರುವವರೇ. ಅಂಗಡಿಯಲ್ಲಿ ಸಾಹುಕಾರನ ಮಾತು, ಮನೆಯಲ್ಲಿ ಎಲ್ಲರ ಮಾತು ಕೇಳುವ ಮನುಷ್ಯ ಅವನು. ತನ್ನ ಮಾತಿಗೆ ಒಂದು ಸೈನ್ಯ ಹೆಜ್ಜೆ ಹಾಕುವುದನ್ನು ಒಂದೇ ಒಂದು ಸಂಜೆ ನೋಡಬೇಕೆಂದು ಅವನಿಗೆ ಆಸೆ.

ಕುರ್ಚಿ ಎಳೆದುಕೊಂಡು ಬರೆದ: 'ಮೇಲ್ಬಯಲಿನ ರಾಜಕುಮಾರನು ಬೆಣಚುನಾಡಿನ ರಾಜಕುಮಾರಿಯನ್ನು ಕುದುರೆಯ ಮೇಲೆ ಕೂರಿಸಿಕೊಂಡು ಹೊರಟುಹೋದನು.'

"ಹುಡುಗಿ ಕಿರುಚಿಕೊಂಡ್ಳಾ?" ಬೆನ್ನ ಹಿಂದೆ ಅತ್ತೆ ನಿಂತಿದ್ದರು.

"ಅದನ್ನ ಬರೆದಿಲ್ಲ, ಅತ್ತೆ."

"ಹಾಗಾದ್ರೆ ಒಪ್ಪೇ ಹೋಗಿದಾಳೆ. ಹುಡುಗನಿಗೆ ರಾಜ್ಯ ಇದೆ, ಕುದುರೆ ಇದೆ. ಸುಮ್ನೆ ಮದುವೆ ಮಾಡಿ ಮುಗಿಸಿ ಅಳಿಯಂದ್ರೇ. ನನ್ನ ಮಗಳನ್ನ ನಿಮಗೆ ಕೊಡೋವಾಗ ನಾವು ಇಷ್ಟೂ ನೋಡ್ಲಿಲ್ಲ."

ದಳವಾಯಿ ಅದನ್ನು ಹೊಡೆದುಹಾಕಿ, ಮೇಲ್ಬಯಲಿನವರು ಗಡಿಕಲ್ಲು ಸರಿಸಿದರೆಂದು ಬರೆದ. ಅಡುಗೆಮನೆಯ ನಲ್ಲಿ ಸರಿಮಾಡಲು ಬಂದಿದ್ದ ಪಕ್ಕದ ಮನೆಯ ನಲ್ಲಿ ರಿಪೇರಿಯವ ಅದನ್ನು ಓದಿ ನಕ್ಕ.

"ಕಲ್ಲು ತಾನೇ ಸಾರ್? ಅಳೆದ್ರೆ ಮುಗೀತು. ಅದಕ್ಯಾಕೆ ಜನ ಸಾಯ್ಬೇಕು?" ಎನ್ನುತ್ತಲೇ ಜೇಬಿನಿಂದ ಟೇಪು ತೆಗೆದು ಮೇಜಿಗೆ ಹಿಡಿದೇಬಿಟ್ಟ. ಹುಬ್ಬು ಗಂಟಿಕ್ಕಿತು. "ಸಾರ್, ಒತ್ತುವರಿ ಮಾಡಿರೋರು ನೀವೇ. ನಾಲ್ಕು ಬೆರಳು."

ದಳವಾಯಿ ತಲೆಯ ಮೇಲೆ ಕೈಹೊತ್ತ. ರಿಪೇರಿಯವ ಇನ್ನೂ ಬಗ್ಗಿಯೇ ಇದ್ದ. ನೀಲಿ ಲೈನಿಂಗ್ ಬಟ್ಟೆಯ ತುಂಡೊಂದು ನದಿಯಾಗಿ ಮೇಲ್ಬಯಲಿನಿಂದ ಇಳಿದು ಬರುತ್ತಿತ್ತು.

"ಇದೇನು ಸಾರ್, ಇಲ್ಲಿ ಕಡ್ಡಿ ಜೋಡಿಸಿದೀರಾ?"

"ಅದು ಒಡ್ಡು. ಹೋದ ಸಲ ಬಂದಾಗ ಡಾಕ್ಟ್ರು ಚೆಂದಕ್ಕೆ ಅಂತ ಇಟ್ಟಿದ್ದು."

"ಚೆಂದಕ್ಕಾ? ಮೇಲಿನೋರು ಹಿಂಗೆ ತಡೆದ್ರೆ ಕೆಳಗಿನೋರ ನಲ್ಲೀಲಿ ಗಾಳಿ ಬರುತ್ತೆ, ಗಾಳಿ! ದಿನಾ ನೋಡ್ತೀನಲ್ಲ ನಾನು!"

ದಳವಾಯಿಯ ಪೆನ್ನು ಬಿಸಿ ಕಾವಲಿಯ ಮೇಲೆ ಬಿದ್ದ ಹನಿಯಂತೆ ಕುಣಿಯತೊಡಗಿತು. ಬರೆದದ್ದನ್ನು ಗಟ್ಟಿಯಾಗಿ ಓದಿದ.

"ಬರೀ ಒಡ್ಡು ಕಟ್ಟಿದ್ರು ಅಂದ್ರೆ ಯಾರಿಗ್ರೀ ಅಯ್ಯೋ ಅನ್ಸುತ್ತೆ?" ಎಂದಳು ಹೆಂಡತಿ, ಸೂಜಿಗೆ ದಾರ ಪೋಣಿಸುತ್ತ. "ಒಬ್ಬಳು ತಾಯಿ ಬರಲಿ. ಮನೇಲಿರೋದು ಒಂದೇ ತಂಬಿಗೆ ನೀರು. ಮಕ್ಕಳಿಗೆ ಕುಡಿಸ್ತಾಳೆ. ನೀನು ಕುಡಿದ್ಯಾ ಅಂತ ಗಂಡ ಕೇಳಿದ್ರೆ, ಆಗ್ಲೇ ಆಯ್ತು ಅಂತಾಳೆ. ಬರ್ಕೊಳ್ಳಿ."

ದಳವಾಯಿ ತಲೆಯೆತ್ತಿ ನೋಡಿದ. ಬೆಳಿಗ್ಗೆ ತಿಂಡಿ ಆಯ್ತಾ ಎಂದು ಕೇಳಿದಾಗ ಅವಳು ಇದೇ ದನಿಯಲ್ಲಿ 'ಆಗ್ಲೇ ಆಯ್ತು' ಅಂದಿದ್ದಳು. ಹಾಗೆಯೇ ಬರೆದುಕೊಂಡ. ಬರೆದದ್ದನ್ನು ಮತ್ತೊಮ್ಮೆ ಓದಿ ಹೇಳಿದ. ರಿಪೇರಿಯವ ತೋಳಿನಿಂದ ಮೂಗು ಒರೆಸಿಕೊಂಡ.

"ಈ ಡಾಕ್ಟ್ರು ಇಷ್ಟು ಕಟುಕರು ಅಂತ ಗೊತ್ತಿರ್ಲಿಲ್ಲ," ಎಂದರು ಅತ್ತೆ. "ಬಿಡ್ಬೇಡಿ ಅಳಿಯಂದ್ರೇ, ನುಗ್ಗಿ!"

ಮನೆಗೆ ಮನೆಯೇ ಯುದ್ಧಕ್ಕೆ ನಿಂತಿತು. ದಳವಾಯಿ ಸೈನಿಕರನ್ನು ಸಾಲುಸಾಲಾಗಿ ನಿಲ್ಲಿಸಿ ಬಂದೂಕುಗಳನ್ನೆಲ್ಲ ಒಂದೇ ದಿಕ್ಕಿಗೆ ತಿರುಗಿಸಿದ.

ಸಂಜೆ ಡಾಕ್ಟರು ಬಂದರು. ನಿಂತೇ ಓದತೊಡಗಿದರು, ಅರ್ಧಕ್ಕೆ ಬಂದಾಗ ಕೂತರು, ಮುಗಿಸಿ ಮತ್ತೆ ಮೊದಲಿನಿಂದ ಓದಿದರು.

"ಕಾರಣ ಒಪ್ಪಿಗೆಯಾ, ಡಾಕ್ಟ್ರೇ?" ದಳವಾಯಿ ಅಂಗೈಯಲ್ಲಿ ದಾಳ ಕುಲುಕುತ್ತಿದ್ದ.

"ಒಪ್ಪದೆ ಇರೋಕಾಗುತ್ತಾ?" ಡಾಕ್ಟರು ಕನ್ನಡಕ ತೆಗೆದರು. "ಆ ತಾಯಿ ನೀರು ಕುಡಿದೇ ಇಲ್ಲ, ಅಲ್ವಾ?"

"ಇಲ್ಲ. ಹಾಕ್ಲಾ ದಾಳ?"

"ಎಂಥ ದಾಳ ರೀ! ಯಾವ ಮುಖ ಹೊತ್ಕೊಂಡು ನಿಮ್ಮ ಜೊತೆ ಯುದ್ಧ ಮಾಡ್ಲಿ?" ಎಂದವರೇ ಕೈಚಾಚಿ, ಹಾಳಾದ ಹಲ್ಲು ಕಿತ್ತಂತೆ, ಕಡ್ಡಿಗಳನ್ನೆಲ್ಲ ಒಂದೊಂದಾಗಿ ಕಿತ್ತರು. "ನೀರು ಬಿಟ್ಟಿದೀನಿ. ತಪ್ಪು ನಂದೇ. ಮೇಲ್ಬಯಲು ಕ್ಷಮೆ ಕೇಳುತ್ತೆ."

ರಿಪೇರಿಯವ ಚಪ್ಪಾಳೆ ತಟ್ಟಿದ. "ದೊಡ್ಡ ಮನಸ್ಸಪ್ಪ!" ಎಂದರು ಅತ್ತೆ.

"ಡಾಕ್ಟ್ರೇ, ಸ್ವಲ್ಪ ಹಟ ಮಾಡಿ!" ದಳವಾಯಿ ಅಂಗಲಾಚಿದ. "ಒಂದು ಗಂಟೆ ಕೆಟ್ಟವರಾಗಿರಿ, ಸಾಕು. ಆಮೇಲೆ ಬೇಕಾದ್ರೆ ನೀರು ಬಿಡಿ."

"ಅಷ್ಟೊತ್ತು ಮಕ್ಕಳು ಬಾಯಾರಿ ಕೂರ್ಬೇಕೇನ್ರೀ?" ಎಂದಳು ಹೆಂಡತಿ.

ದಳವಾಯಿ ದಾಳವನ್ನು ಮೇಜಿನ ಅಂಚಿನಲ್ಲಿಟ್ಟ. ಡಾಕ್ಟರು ಆಗಲೇ ಹಾಳೆಯ ಕೆಳಗೆ ಬರೆಯುತ್ತಿದ್ದರು: 'ಇನ್ನು ನೂರು ವರ್ಷ ಎರಡು ನಾಡುಗಳ ನಡುವೆ ಯುದ್ಧವಿಲ್ಲ.' ತಮ್ಮ ಸಹಿ ಹಾಕಿ ಪೆನ್ನನ್ನು ಇವನ ಕೈಗಿತ್ತರು. ಎಲ್ಲರೂ ಅವನ ಮುಖವನ್ನೇ ನೋಡುತ್ತಿದ್ದರು. ಮೇಜಿನ ಮೇಲೆ ಸೈನಿಕರು ಗುರಿಯಿಟ್ಟ ಬಂದೂಕು ಇಳಿಸದೆ ಅಪ್ಪಣೆಗೆ ಕಾಯುತ್ತ ನಿಂತಿದ್ದರು.

ದಳವಾಯಿ ಸಹಿ ಹಾಕಿದ. ನ್ಯಾಯವೆಲ್ಲ ಅವನ ಕಡೆಗೇ ಇತ್ತು; ಅವನಿಗೆ ಬಂದಿದ್ದ ಕಷ್ಟ ಅದೊಂದೇ.